ಕಾಗದದಲ್ಲಿ ಎಲ್ಲ ಸರಿಯಾಗಿಯೇ ಇತ್ತು

ಪ್ರತಿವರ್ಷ ನಮ್ಮ ಪೂರೈಕೆದಾರರಿಗೆ ಪ್ರಶ್ನಾವಳಿ ಕಳಿಸುತ್ತಿದ್ದೆ. 'ಬಲವಂತದ ದುಡಿಮೆ ಇದೆಯೇ?' 'ಇಲ್ಲ.' ಇದ್ದರೂ ಯಾರು ತಾನೇ ಹೌದೆಂದು ಬರೆಯುತ್ತಾರೆ!

ಬಲವಂತದ ದುಡಿಮೆಯನ್ನು ಗುರುತಿಸಲು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೊಟ್ಟಿರುವ 11 ಸೂಚಕಗಳನ್ನು ಓದಿದ ಮೇಲೆ ಪ್ರಶ್ನೆಯನ್ನೇ ಬದಲಿಸಿದೆ. ಮೇಲ್ವಿಚಾರಕರಿಲ್ಲದ ಕಡೆ, ಕಾರ್ಮಿಕರದೇ ಭಾಷೆಯಲ್ಲಿ ಕೇಳಿಸಿದೆ: ಈ ಕೆಲಸ ಸಿಗಲು ಯಾರಿಗೆ ಎಷ್ಟು ಕೊಟ್ಟಿರಿ? ಪಾಸ್‌ಪೋರ್ಟ್ ಯಾರ ಬಳಿ ಇದೆ? ಒಂದು ಕಡೆ ಗುಟ್ಟು ಹೊರಬಿತ್ತು. ಏಜೆಂಟನ ಸಾಲಕ್ಕೆಂದು ಸಂಬಳದಲ್ಲಿ ಕಡಿತ, ಪಾಸ್‌ಪೋರ್ಟುಗಳೆಲ್ಲ ಮಾಲೀಕನ ಬೀರುವಿನಲ್ಲಿ.

ಗುತ್ತಿಗೆ ರದ್ದು ಮಾಡಲು ಕೈ ತುರಿಸಿತು. ಮಾಡಿದ್ದರೆ ಸಾಲ ಹೊತ್ತವರೇ ಬೀದಿಗೆ ಬೀಳುತ್ತಿದ್ದರು. ಬದಲಿಗೆ ಗಡುವು ಕೊಟ್ಟೆವು: ದಾಖಲೆ ಕೂಡಲೇ ವಾಪಸ್, ನೇಮಕಾತಿ ಶುಲ್ಕ ಕಂತಿನಲ್ಲಿ ಮರುಪಾವತಿ. ಪೂರೈಕೆದಾರರ ಮೇಲೆ ಒತ್ತಡ ಹೇರುವ ಕೊನೇ ಗಳಿಗೆಯ ಆರ್ಡರ್‌ಗಳನ್ನು ನಮ್ಮ ಖರೀದಿ ವಿಭಾಗವೂ ನಿಲ್ಲಿಸಬೇಕಾಯಿತು (ಹೆಚ್ಚು ಜಗಳವಾದದ್ದು ಇದಕ್ಕೇ). ಮೊದಲ ಕಂತು ಕೈಸೇರಿತೆಂದು ಕಾರ್ಮಿಕರ ಬಾಯಿಂದಲೇ ಕೇಳಿ ಖಚಿತಪಡಿಸಿಕೊಂಡೆ.