ಮದುಮಗಳ ಕೆನ್ನೆ, ನಾನೂರು ಫ್ರೇಮು

ಮೊಡವೆ ಏಳುವುದು ಮದುವೆಯ ದಿನವೇ. ಹಿಂದಿನ ವಾರ ಇರುವುದಿಲ್ಲ, ಮುಂದಿನ ವಾರಕ್ಕೆ ಹೋಗಿರುತ್ತದೆ. ಹತ್ತು ವರ್ಷದಿಂದ ಮದುವೆ ವಿಡಿಯೊ ಎಡಿಟ್ ಮಾಡುತ್ತಿದ್ದೇನೆ, ಇದರ ಗುಟ್ಟು ಮಾತ್ರ ಗೊತ್ತಾಗಿಲ್ಲ. ನಿದ್ದೆಗೆಟ್ಟಿದ್ದಕ್ಕೋ, ಮೇಕಪ್ಪಿಗೋ, ಹೆದರಿಕೆಗೋ.

ಕಳೆದ ವರ್ಷ ಶಿವಮೊಗ್ಗದ ಕಡೆಯ ಒಂದು ಛತ್ರದಲ್ಲಿ ತೆಗೆದ ಶಾಟ್ ಅದು. ಮುಹೂರ್ತದ ಹೊತ್ತು. ಅಂತರಪಟ ಸರಿಯುತ್ತದೆ, ಹುಡುಗಿ ತಲೆ ಎತ್ತಿ ಹುಡುಗನನ್ನು ನೋಡುತ್ತಾಳೆ, ಜೀರಿಗೆ ಬೆಲ್ಲ ಹಿಡಿದ ಕೈ ಮೇಲೇರುತ್ತದೆ, ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ. 85 ಎಂಎಂ ಲೆನ್ಸ್, ಮುಖ ತುಂಬಿದ ಕ್ಲೋಸಪ್, ಹದಿನಾರು ಸೆಕೆಂಡ್ ಒಂದೇ ಓಟ. ಇಡೀ ಮದುವೆಯಲ್ಲಿ ಇದಕ್ಕಿಂತ ಒಳ್ಳೆಯ ಶಾಟ್ ಇರಲಿಲ್ಲ. ಎಡಗೆನ್ನೆಯ ಮೇಲೆ ಮಾತ್ರ ಮೆಣಸಿನ ಕಾಳಿನಷ್ಟು ದಪ್ಪದ ಮೊಡವೆ, ಫೌಂಡೇಶನ್ ಹಚ್ಚಿದ್ದರೂ ಕೆಂಪಗೆ ಕಾಣುತ್ತಿತ್ತು. ಹುಡುಗಿಯೇ ಮೆಸೇಜ್ ಹಾಕಿದಳು: "ಅಣ್ಣಾ, ಅದೊಂದು ತೆಗೆದುಬಿಡಿ. ಆದರೆ ಮುಖನ ಮೇಣದ ಗೊಂಬೆ ಥರ ಮಾಡಬೇಡಿ."

ಫೋಟೊ ಆಗಿದ್ದರೆ ಎರಡು ನಿಮಿಷದ ಕೆಲಸ. ವಿಡಿಯೊ ಅಂದರೆ ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಹದಿನಾರು ಸೆಕೆಂಡಿಗೆ 400. ಒಂದೊಂದನ್ನೂ ಕೈಯಲ್ಲಿ ಅಳಿಸುತ್ತಾ ಕೂತರೆ ಸಮಯ ಹಾಳಾಗುವುದು ಒಂದು ಕಡೆ, ಫಲಿತಾಂಶವೂ ಕೆಟ್ಟದಾಗಿರುತ್ತದೆ. ಒಂದು ಫ್ರೇಮಿನಲ್ಲಿ ಮೊಡವೆ ಮುಚ್ಚಲು ಹಾಕಿದ ಚರ್ಮದ ತೇಪೆ ಚೂರು ಈ ಕಡೆ, ಇನ್ನೊಂದರಲ್ಲಿ ಚೂರು ಆ ಕಡೆ. ಓಡಿಸಿ ನೋಡಿದರೆ ಕೆನ್ನೆಯ ಆ ಜಾಗ ಕುದಿಯುವ ಹಾಲಿನ ಹಾಗೆ ಅಲುಗುತ್ತದೆ. ನಿಂತ ಮೊಡವೆಯನ್ನು ಜನ ಗಮನಿಸದೇ ಇರಬಹುದು, ಅಲುಗುವ ತೇಪೆ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಅದಕ್ಕೇ ಟ್ರ್ಯಾಕಿಂಗ್. ಕೇಳಲು ದೊಡ್ಡದು, ಒಳಗೆ ಸರಳ. ನಾವು ಒಂದು ಚಿಕ್ಕ ಚೌಕ ಇಟ್ಟು "ಈ ಗುರುತನ್ನು ನೆನಪಿಟ್ಟುಕೋ" ಎನ್ನುತ್ತೇವೆ. ಅದರ ಸುತ್ತ ಇನ್ನೊಂದು ದೊಡ್ಡ ಚೌಕ: "ಮುಂದಿನ ಫ್ರೇಮಿನಲ್ಲಿ ಇಷ್ಟರೊಳಗೆ ಹುಡುಕು." ಸಾಫ್ಟ್‌ವೇರ್ ಪ್ರತಿ ಫ್ರೇಮಿನಲ್ಲೂ ಆ ಗುರುತು ಎಲ್ಲಿಗೆ ಹೋಯಿತು ಎಂದು ಹುಡುಕಿ ಬರೆದಿಡುತ್ತದೆ. ಆ ಲೆಕ್ಕಕ್ಕೆ ನಮ್ಮ ತೇಪೆಯನ್ನು ಕಟ್ಟಿಬಿಟ್ಟರೆ ಮುಖ ಹೋದಲ್ಲಿಗೆ ಅದೂ ಹೋಗುತ್ತದೆ. ಹೊರಗಿನ ಚೌಕ ತೀರಾ ದೊಡ್ಡದಾದರೆ ಕೆಲಸ ನಿಧಾನ, ಜೊತೆಗೆ ಅದೇ ಥರದ ಬೇರೆ ಗುರುತಿಗೆ ಹಾರುವ ಭಯ. ತೀರಾ ಚಿಕ್ಕದಾದರೆ ತಲೆ ಸರ್ರನೆ ತಿರುಗಿದಾಗ ಗುರುತು ಚೌಕದಿಂದ ಆಚೆ ಹೋಗಿಬಿಡುತ್ತದೆ.

ನಾನು ಬಳಸುವ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್. 2018ರ 15ನೇ ಆವೃತ್ತಿಯಿಂದ ಅದರೊಳಗೇ ಇಂಥ ಟ್ರ್ಯಾಕಿಂಗ್, ತೇಪೆ ಕೆಲಸಕ್ಕೆ ಫ್ಯೂಷನ್ ಪೇಜ್ ಇದೆ. ಆಫ್ಟರ್ ಎಫೆಕ್ಟ್ಸ್‌ನಲ್ಲೂ ಇದೇ ಕೆಲಸ ಆಗುತ್ತದೆ, ಬಟನ್ ಹೆಸರು ಬೇರೆ ಅಷ್ಟೆ.

ಮೊದಲ ಸಲ ನಾನು ಮೂಗುತಿಯನ್ನು ಹಿಡಿದೆ. ಹೊಳೆಯುತ್ತದೆ, ಚಿಕ್ಕದು, ಸುತ್ತ ಚರ್ಮ. ಇದಕ್ಕಿಂತ ಒಳ್ಳೆಯ ಗುರುತು ಬೇಕಾ ಅಂದುಕೊಂಡೆ. ಓಡಿಸಿದರೆ ತೇಪೆ ಕೆನ್ನೆಯ ಮೇಲೆ ಇರುವೆಯ ಹಾಗೆ ಹರಿದಾಡಿತು. ತಪ್ಪು ಎರಡಿತ್ತು. ಹರಳಿನ ಹೊಳಪು ಚರ್ಮಕ್ಕೆ ಅಂಟಿಕೊಂಡಿರುವುದಿಲ್ಲ. ತಲೆ ಕೊಂಚ ವಾಲಿದರೆ ಬೆಳಕು ಹರಳಿನ ಈ ಬದಿಯಿಂದ ಆ ಬದಿಗೆ ಜಾರುತ್ತದೆ, ಟ್ರ್ಯಾಕರ್ ಅದರ ಹಿಂದೆ ಓಡುತ್ತದೆ. ಇನ್ನೊಂದು, ಮೂಗು ಮುಂದೆ, ಕೆನ್ನೆ ಹಿಂದೆ. ತಲೆ ತಿರುಗಿದಾಗ ಎರಡೂ ಒಂದೇ ದೂರ ಚಲಿಸುವುದಿಲ್ಲ. ತೇಪೆ ಎಲ್ಲಿ ಬೇಕೋ ಅದೇ ಮೇಲ್ಮೈಯಲ್ಲಿ ಗುರುತು ಹಿಡಿಯಬೇಕು. ಮೂಗಿನ ಲೆಕ್ಕ ಕೆನ್ನೆಗೆ ನಡೆಯುವುದಿಲ್ಲ.

ಎರಡನೇ ಸಲ ಮೊಡವೆಯನ್ನೇ ಹಿಡಿದೆ. ಮೇಕಪ್ಪಿನ ಕೆಳಗೆ ಅದರ ಅಂಚು ಮಂಕಾಗಿತ್ತು, ಟ್ರ್ಯಾಕರ್ ಅರವತ್ತು ಫ್ರೇಮಿಗೆ ಕೈಬಿಟ್ಟಿತು. ಇಲ್ಲಿ ಒಂದು ಉಪಾಯ ಇದೆ. ವಿಡಿಯೊ ಚಿತ್ರ ಕೆಂಪು, ಹಸಿರು, ನೀಲಿ ಎಂಬ ಮೂರು ಪದರ (ಚಾನೆಲ್) ಸೇರಿ ಆಗಿರುತ್ತದೆ. ಕೆಂಪು ಮೊಡವೆ ಚಿತ್ರದ ಕೆಂಪು ಚಾನೆಲ್‌ನಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಹಸಿರು ಚಾನೆಲ್‌ನಲ್ಲಿ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ. ಹಸಿರನ್ನು ಮಾತ್ರ ನೋಡುವಂತೆ ಹೇಳಿ, ಟ್ರ್ಯಾಕ್ ಮುಗಿಯುವ ತನಕ ಕಾಂಟ್ರಾಸ್ಟ್ ಏರಿಸಿದೆ. ಈ ಸಲ ಇನ್ನೂರು ಫ್ರೇಮಿನವರೆಗೆ ಬಂತು. ಅಲ್ಲಿ ಅವಳು ನಕ್ಕಳು, ಕೆನ್ನೆ ಉಬ್ಬಿತು, ಮತ್ತೆ ಕೈಬಿಟ್ಟಿತು.

ಪ್ಲೇನಾರ್ ಟ್ರ್ಯಾಕರ್ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದು ಒಂದು ಚುಕ್ಕೆಯ ಬದಲು ಇಡೀ ಮೇಲ್ಮೈಯನ್ನು ಹಿಡಿದು, ವಾಲುವುದು, ಹತ್ತಿರ ಬರುವುದು ಎಲ್ಲವನ್ನೂ ಲೆಕ್ಕ ಹಾಕುತ್ತದೆ. ಈ ಕೆಲಸಕ್ಕೆ ಹೆಸರಾದ ಮೋಚಾ ಸಾಫ್ಟ್‌ವೇರನ್ನು ಮಾಡಿದವರಿಗೆ 2013ರಲ್ಲಿ ಆಸ್ಕರ್ ಕೊಡುವ ಅಕಾಡೆಮಿಯಿಂದಲೇ ತಾಂತ್ರಿಕ ಪ್ರಶಸ್ತಿ ಬಂತು. ಗೋಡೆ, ಮೊಬೈಲ್ ಸ್ಕ್ರೀನ್, ಬಸ್ಸಿನ ಮೇಲಿನ ಬೋರ್ಡ್, ಇಂಥವಕ್ಕೆ ನಾನೂ ಅದನ್ನೇ ಬಳಸುತ್ತೇನೆ. ಆದರೆ ಮೇಕಪ್ ಹಾಕಿದ ಕೆನ್ನೆಯಲ್ಲಿ ಅದಕ್ಕೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಎಲ್ಲ ಕಡೆ ಒಂದೇ ನುಣುಪು.

ಈ ಮಧ್ಯೆ ಇನ್ನೊಂದು ಎಡವಟ್ಟು ಮಾಡಿಕೊಂಡಿದ್ದೆ. ಮೊಡವೆಯಿಂದ ಒಂದು ಬೆರಳಿನಷ್ಟು ಕೆಳಗೆ ಇನ್ನೊಂದು ಕಪ್ಪು ಚುಕ್ಕೆ ಇತ್ತು. ಹೇಗೂ ಕೂತಿದ್ದೇನೆ, ಇದೂ ಹೋಗಲಿ ಅಂತ ಅಳಿಸಿ, ಮೂರು ಸೆಕೆಂಡಿನ ಸ್ಯಾಂಪಲ್ ಕಳಿಸಿದೆ. ಸಂಜೆ ಹುಡುಗಿಯ ಅಮ್ಮನ ಫೋನ್.

"ಏನಪ್ಪಾ, ನನ್ನ ಮಗಳ ಮಚ್ಚೆ ಎಲ್ಲಿ ಹೋಯ್ತು?"

"ಅದು ಮಚ್ಚೆನಾ ಅಮ್ಮಾ?"

"ಹುಟ್ಟಿದಾಗಿಂದ ಇದೆ. ಅವಳ ಅಜ್ಜಿಗೂ ಅದೇ ಜಾಗದಲ್ಲಿ ಇತ್ತು."

ಕ್ಷಮೆ ಕೇಳಿದೆ. ಅವತ್ತಿನಿಂದ ಕೆಲಸ ಶುರು ಮಾಡುವ ಮೊದಲು ಒಂದು ಫ್ರೇಮ್ ಕಳಿಸಿ, ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ವೃತ್ತ ಹಾಕಿಸಿಕೊಳ್ಳುತ್ತೇನೆ. ಮೊಡವೆ, ಸೊಳ್ಳೆ ಕಚ್ಚಿದ್ದು, ಬ್ಲೇಡಿನ ಗೀರು ಇವೆಲ್ಲ ವಾರದಲ್ಲಿ ಹೋಗುವಂಥವು, ತೆಗೆಯಲು ನನಗೆ ಅಡ್ಡಿಯಿಲ್ಲ. ಮಚ್ಚೆ, ಹಳೆಯ ಗಾಯದ ಕಲೆ ಅವರು ಬಾಯಿಬಿಟ್ಟು ಕೇಳದೆ ಮುಟ್ಟುವುದಿಲ್ಲ.

ಮಚ್ಚೆಯನ್ನು ವಾಪಸ್ ತರುವಾಗಲೇ ಹೊಳೆದದ್ದು. ಕಪ್ಪಗಿದೆ, ಅಂಚು ಸ್ಪಷ್ಟವಾಗಿದೆ, ಅದೇ ಕೆನ್ನೆಯ ಮೇಲಿದೆ, ಹೊಳೆಯುವುದಿಲ್ಲ. ನಾನು ಹುಡುಕುತ್ತಿದ್ದ ಗುರುತನ್ನು ನಾನೇ ಅಳಿಸಿ ಕೂತಿದ್ದೆ! ಮಚ್ಚೆಯ ಮೇಲೆ ಚೌಕ ಇಟ್ಟು ಟ್ರ್ಯಾಕ್ ಮಾಡಿದರೆ ನಗುವೂ ದಾಟಿತು. ಮಾಸ್ಕಿನ (ತೇಪೆ ಕಾಣಬೇಕಾದ ಜಾಗದ ಗಡಿ) ನಡುಬಿಂದುವನ್ನು ಟ್ರ್ಯಾಕರಿನ ಆಫ್‌ಸೆಟ್ ಪೊಸಿಷನ್‌ಗೆ ಕಟ್ಟಿದೆ, ಅಂದರೆ ಮಚ್ಚೆಯಿಂದ ಇಷ್ಟು ದೂರದಲ್ಲಿ ಇರು ಅಂತ. ತಲೆ ವಾಲಿದಾಗ ಆ ದೂರ ಸ್ವಲ್ಪ ಬದಲಾಗುತ್ತದಲ್ಲ, ಅಲ್ಲಲ್ಲಿ ಐದು ಕೀಫ್ರೇಮ್ (ಜಾಗವನ್ನು ನಾವೇ ಗೊತ್ತುಮಾಡುವ ಫ್ರೇಮ್) ಕೈಯಲ್ಲಿ ಸರಿಪಡಿಸಿದೆ. ನಾನೂರರ ಬದಲು ಐದು.

ಇನ್ನು ತೇಪೆಯ ವಿಷಯ. ಹೊಸಬರು ಒಂದು ಒಳ್ಳೆಯ ಫ್ರೇಮಿನಿಂದ ಚರ್ಮ ಕತ್ತರಿಸಿ, ಅದೇ ತುಂಡನ್ನು ಉದ್ದಕ್ಕೂ ಅಂಟಿಸುತ್ತಾರೆ. ನಾನೂ ಮಾಡಿದ್ದೆ. ಚಿತ್ರದಲ್ಲಿರುವ ಸಣ್ಣ ಗ್ರೇನ್ (ಮರಳಿನಂಥ ಚುಕ್ಕೆಗಳು) ಎಲ್ಲ ಕಡೆ ಅಲುಗುತ್ತಿರುತ್ತದೆ, ಆ ತುಂಡು ಮಾತ್ರ ಸತ್ತ ಹಾಗೆ ಬಿದ್ದಿರುತ್ತದೆ. ಬರೀ ಬ್ಲರ್ ಹಾಕಿದರೂ ಅದೇ ಗತಿ. ಬದಲಿಗೆ ಪ್ರತಿ ಫ್ರೇಮಿಗೂ ಅದೇ ಫ್ರೇಮಿನ ಪಕ್ಕದ ಚರ್ಮವನ್ನೇ ಸಾಲ ತೆಗೆಯಬೇಕು. ಅದೇ ಕ್ಲಿಪ್ಪನ್ನು ಎರಡನೇ ಸಲ ಮೇಲಿಟ್ಟು, ನಲವತ್ತು ಪಿಕ್ಸೆಲ್ ಸರಿಸಿ, ಮೊಡವೆಯಷ್ಟೇ ಅಗಲದ ಮೆದು ಅಂಚಿನ ಮಾಸ್ಕಿನಲ್ಲಿ ಮಾತ್ರ ಅದು ಕಾಣುವಂತೆ ಮಾಡಿದೆ. ಫ್ಯೂಷನ್‌ನಲ್ಲಿ ಇದಕ್ಕೆ ಸರಿಸಲು ಒಂದು ಟ್ರಾನ್ಸ್‌ಫಾರ್ಮ್, ಮೇಲಿಡಲು ಒಂದು ಮರ್ಜ್, ಮಾಸ್ಕಿಗೆ ಒಂದು ಎಲಿಪ್ಸ್ ಸಾಕು. ಗ್ರೇನ್ ತಾನಾಗೇ ಬರುತ್ತದೆ, ದೀಪದ ಬೆಳಕು ಬದಲಾದರೆ ತೇಪೆಯ ಬೆಳಕೂ ಬದಲಾಗುತ್ತದೆ.

ಯಾವ ಕಡೆಗೆ ಸರಿಸಬೇಕು ಅನ್ನುವುದೂ ಮುಖ್ಯ. ಅವಳ ಕೆನ್ನೆಯ ಮೇಲೆ ಬೆಳಕು ಮೂಗಿನಿಂದ ಕಿವಿಯ ಕಡೆಗೆ ಮಂಕಾಗುತ್ತಾ ಹೋಗುತ್ತಿತ್ತು. ಕಿವಿ ಕಡೆಯಿಂದ ಚರ್ಮ ತಂದರೆ ಕಪ್ಪು ಕಲೆ, ಮೂಗಿನ ಕಡೆಯಿಂದ ತಂದರೆ ಬಿಳಿ ಕಲೆ. ಕೆಳಗೆ ಮಚ್ಚೆ ಇದೆ. ಹಾಗಾಗಿ ನೇರ ಮೇಲಿನಿಂದ ತಂದೆ. ಕೊನೆಗೆ ತೇಪೆಯ ಗಾಢತೆಯನ್ನು ಪೂರ್ತಿ ಬಿಡದೆ 75 ಪರ್ಸೆಂಟ್‌ಗೆ ಇಳಿಸಿದೆ. ಮೊಡವೆ ಇದ್ದ ಕಡೆ ತೀರಾ ನಸು ಬಣ್ಣ ಉಳಿಯುತ್ತದೆ, ಚರ್ಮ ಚರ್ಮದ ಹಾಗೇ ಕಾಣುತ್ತದೆ. ಇದು ನನ್ನ ರುಚಿ, ಜಾಹೀರಾತು ಮಾಡುವವರು ಒಪ್ಪಲಿಕ್ಕಿಲ್ಲ.

ಅಂದಹಾಗೆ, ಕ್ಯಾಮೆರಾ ಸೆನ್ಸರ್ ಮೇಲೆ ಕೂತ ದೂಳಿನ ಚುಕ್ಕೆಗೆ ಈ ಯಾವ ಕಸರತ್ತೂ ಬೇಡ. ಅದು ಫ್ರೇಮಿನಲ್ಲಿ ಇದ್ದಲ್ಲೇ ಇರುತ್ತದೆ, ತೇಪೆಯನ್ನು ಸುಮ್ನೆ ಅಲ್ಲೇ ನಿಲ್ಲಿಸಿದರೆ ಮುಗಿಯಿತು. ಒಬ್ಬ ಹುಡುಗ ಅದನ್ನೂ ಟ್ರ್ಯಾಕ್ ಮಾಡುತ್ತಾ ಅರ್ಧ ದಿನ ಕಳೆದಿದ್ದ.

ನಮ್ಮ ಮದುವೆಗಳಲ್ಲಿ ಎರಡು ಶತ್ರುಗಳು ಬೇರೆ. ಒಂದು, ಪಕ್ಕದಲ್ಲೇ ನಿಂತ ಫೋಟೊಗ್ರಾಫರಿನ ಫ್ಲ್ಯಾಶ್. ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುವುದರಿಂದ ಕೆಲವು ಸಲ ಅರ್ಧ ಫ್ರೇಮ್ ಮಾತ್ರ ಬೆಳ್ಳಗಾಗಿರುತ್ತದೆ. ಅಲ್ಲಿ ಟ್ರ್ಯಾಕರ್ ಕಣ್ಣು ಕುಕ್ಕಿದ ಹಾಗೆ ಎತ್ತಲೋ ಹಾರುತ್ತದೆ. ಈ ಶಾಟಿನಲ್ಲಿ ಹನ್ನೊಂದು ಫ್ಲ್ಯಾಶ್. ಆ ಫ್ರೇಮುಗಳ ಗುರುತನ್ನು ಅಳಿಸಿ, ಹಿಂದಿನ ಮತ್ತು ಮುಂದಿನ ಫ್ರೇಮಿನ ನಡುವೆ ನೇರ ದಾರಿ ಹಾಕಿದೆ. ಇನ್ನೊಂದು ಅಕ್ಷತೆ. ಕಾಳು ಕೆನ್ನೆಯ ಮುಂದೆ ಹಾಯುವಾಗ ತೇಪೆ ಅದರ ಮೇಲೆ ಕೂತು ಕಾಳನ್ನೇ ನುಂಗಿಬಿಡುತ್ತದೆ. ಅಂಥ ಫ್ರೇಮುಗಳಲ್ಲಿ ತೇಪೆಯನ್ನು ಸೊನ್ನೆಗೆ ಇಳಿಸಿದೆ. ಒಂದೆರಡು ಫ್ರೇಮ್ ಮೊಡವೆ ಇಣುಕಿದರೆ ಅಕ್ಷತೆಯ ಮಳೆಯಲ್ಲಿ ಯಾರೂ ನೋಡುವುದಿಲ್ಲ.

ಒಟ್ಟು ಒಂದೂವರೆ ದಿನ ಹಿಡಿಯಿತು. ಈಗ ಮಾಡಿದರೆ ಎರಡು ಗಂಟೆ ಸಾಕೇನೋ. ಪೆನ್‌ಡ್ರೈವ್ ಕೊಟ್ಟು ಒಂದು ವಾರಕ್ಕೆ ಮತ್ತೆ ಅಮ್ಮನ ಫೋನ್. ಎದೆ ಧಸಕ್ಕೆಂದಿತು. ಮಚ್ಚೆ ಇದೆ, ಚೆನ್ನಾಗಿದೆ ಎಂದರು. ಹಿಂದಿನಿಂದ ಹುಡುಗಿಯ ತಮ್ಮ ಕೂಗಿದ: "ಅಣ್ಣಾ, ಟಿವಿಲಿ ನಿಲ್ಲಿಸಿ ನೋಡಿದೆ, ಒಂದು ಕಡೆ ಅಕ್ಕನ ಕೆನ್ನೆ ಮುಂದೆ ಅರ್ಧ ಅಕ್ಕಿಕಾಳು ಮಾತ್ರ ಇದೆ, ಇನ್ನರ್ಧ ಎಲ್ಲಿ?"

ಹುಡುಕಿದೆ. 263ನೇ ಫ್ರೇಮ್. ತೇಪೆಯ ಅಂಚು ಕಾಳನ್ನು ಸರಿಯಾಗಿ ನಡುವೆ ಕತ್ತರಿಸಿತ್ತು.