ಮಳೆ ಎಣಿಸುವ ಪೈ, ಸತ್ತುಹೋದ ಮೂರು ಕಾರ್ಡು

ನಮ್ಮ ಮನೆ ತೀರ್ಥಹಳ್ಳಿ ಕಡೆ. ಅಡಿಕೆ ತೋಟದವರು ಮಳೆ ಲೆಕ್ಕ ಬರೆದಿಡುವುದು ಹೊಸದೇನಲ್ಲ. ಅಪ್ಪ ಗೋಡೆ ಕ್ಯಾಲೆಂಡರಿನಲ್ಲಿ ಇಂಚಿನ ಲೆಕ್ಕ ಬರೆಯುತ್ತಾರೆ. ಅದೇ ಕೆಲಸವನ್ನು ನಾನು ಹಳೇ ರಾಸ್ಪ್‌ಬೆರಿ ಪೈ 3 ಬೋರ್ಡಿಗೆ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ವಹಿಸಿದೆ. ಅಂಗಳದ ಮಳೆಮಾಪಕದೊಳಗೆ ಏತದ ಹಾಗೆ ಆಡುವ ಪುಟ್ಟ ಬಟ್ಟಲಿದೆ, 0.2 ಮಿಮೀ ಮಳೆಗೊಮ್ಮೆ ಟಕ್ ಅಂತ ಮಗುಚುತ್ತದೆ. 127 ಸಲ ಟಕ್ ಅಂದರೆ ಅಪ್ಪನ ಒಂದು ಇಂಚು.

ಮೊದಲು ಹಾಕಿದ್ದು ಡೆಸ್ಕ್‌ಟಾಪ್ ಇರುವ ರಾಸ್ಪ್‌ಬೆರಿ ಪೈ ಓಎಸ್ (ಆಪರೇಟಿಂಗ್ ಸಿಸ್ಟಮ್). ಪರದೆಯೇ ಇಲ್ಲದ ಬೋರ್ಡಿಗೆ ಡೆಸ್ಕ್‌ಟಾಪ್ ಯಾಕೆ ಅಂತ ಬುದ್ಧಿ ಬಂದ ಮೇಲೆ ಡೆಸ್ಕ್‌ಟಾಪ್ ಇಲ್ಲದ ಲೈಟ್ ಆವೃತ್ತಿ ಹಾಕಿದೆ. ಹಗುರವಾಯಿತು ನಿಜ, ಆದರೆ ಓಎಸ್ ಇರುವ ಎಸ್‌ಡಿ ಕಾರ್ಡು ಸಾಯುವುದು ನಿಲ್ಲಲಿಲ್ಲ. ಒಂದೇ ಮಳೆಗಾಲದಲ್ಲಿ ಮೂರು ಹೋದವು. ಇನ್ವರ್ಟರ್ ಇಲ್ವಾ ಅಂತ ಕೇಳುತ್ತೀರಿ. ಇದೆ, ಎರಡು ದಿನ ಕರೆಂಟ್ ಬರದಿದ್ದರೆ ಅದೂ ಮಲಗುತ್ತದೆ. ಲಾಗ್ (ಓಎಸ್‌ನ ದಿನಚರಿ), ಸ್ವಾಪ್ (ಮೆಮೊರಿಯಲ್ಲಿ ಹಿಡಿಸದ್ದು) ಅಂತ ಏನಾದರೂ ಕಾರ್ಡಿಗೆ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಮುಗಿಯಿತು. ಇಎಕ್ಸ್‌ಟಿ4 ಅನ್ನುವ ಫೈಲ್ ಸಿಸ್ಟಮ್ ತಾನು ಮಾಡುವ ಬದಲಾವಣೆಗಳ ಜರ್ನಲ್ ಇಟ್ಟುಕೊಳ್ಳುತ್ತದೆ, ಆದರೆ ಕಾರ್ಡಿನ ಒಳಗಿನ ಕಂಟ್ರೋಲರ್ ಚಿಪ್ ಅರ್ಧಕ್ಕೆ ಕೈಬಿಟ್ಟಿದ್ದನ್ನು ಅದು ರಿಪೇರಿ ಮಾಡಲಾರದು. ಜೋರು ಮಳೆ ಬಂದ ದಿನವೇ ಕರೆಂಟೂ ಹೋಗುವುದು, ಅಲ್ವಾ? ಬೇಕಾದ ದಿನದ ಲೆಕ್ಕವೇ ಕೈಗೆ ಸಿಗುತ್ತಿರಲಿಲ್ಲ.

ಆಮೇಲೆ ಪುಟ್ಟ ಓಎಸ್ ಆದ ಆಲ್ಪೈನ್ ಲಿನಕ್ಸ್‌ಗೆ ಹೋದೆ. ಅದರ ಡಿಸ್ಕ್‌ಲೆಸ್ ವಿಧಾನದಲ್ಲಿ ಇಡೀ ಓಎಸ್ ಬೂಟ್ ಆಗುವಾಗ ರ‍್ಯಾಮಿಗೆ ಏರುತ್ತದೆ, ಕಾರ್ಡಿಗೆ ಯಾರೂ ಬರೆಯುವುದಿಲ್ಲ. ಪೈ 3ರ 1 ಜಿಬಿಯಲ್ಲಿ ಆರಾಮಾಗಿ ಕೂರುತ್ತದೆ. ಬದಲಾವಣೆ ಉಳಿಯಬೇಕಾದರೆ ಮಾತ್ರ 'ಎಲ್‌ಬಿಯು ಕಮಿಟ್' ಅಂತ ಹೇಳಬೇಕು. ನಾನು ಹೇಳಲಿಲ್ಲ. ರಾತ್ರಿ ಒಂದು ಗಂಟೆವರೆಗೆ ಕೂತು ಎಲ್ಲ ಹೊಂದಿಸಿ, ಖುಷಿಯಲ್ಲಿ ರೀಬೂಟ್ ಮಾಡಿದೆ ನೋಡಿ, ಪಾಸ್‌ವರ್ಡೂ ಇಲ್ಲದ ಹೊಚ್ಚ ಹೊಸ ಆಲ್ಪೈನ್ ಎದುರಿಗೆ ನಿಂತಿತ್ತು.

ಇನ್ನೊಂದು ತೊಡಕು ಗಡಿಯಾರದ್ದು. ಪೈ 3ರಲ್ಲಿ ಬ್ಯಾಟರಿ ಇರುವ ಗಡಿಯಾರವೇ ಇಲ್ಲ, ಎದ್ದಾಗ ಯಾವುದೋ ಹಳೇ ತಾರೀಖು ಹೇಳುತ್ತದೆ. ನೆಟ್ ಇದ್ದರೆ ತಾನೇ ಸರಿಮಾಡಿಕೊಳ್ಳುತ್ತದೆ, ಆದರೆ ನಮ್ಮಲ್ಲಿ ಕರೆಂಟ್ ಬಂದು ಎಷ್ಟೋ ಹೊತ್ತಿನ ಮೇಲೆ ನೆಟ್ ಬರುತ್ತದೆ. ಅಷ್ಟರಲ್ಲಿ ಜುಲೈ ಮಳೆ ಏಪ್ರಿಲ್ ಲೆಕ್ಕಕ್ಕೆ ಸೇರಿರುತ್ತಿತ್ತು! ಡಿಎಸ್3231 ಗಡಿಯಾರದ ಚಿಪ್ ತಂದು ಬೋರ್ಡಿನ ಐ2ಸಿ (ಚಿಪ್ಪುಗಳು ಮಾತಾಡಿಕೊಳ್ಳುವ ದಾರಿ) ಪಿನ್ನುಗಳಿಗೆ ಸಿಕ್ಕಿಸಿ, 'ಯೂಸರ್‌ಸಿಎಫ್‌ಜಿ' ಅನ್ನುವ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಸೇರಿಸಿದೆ. ಮಳೆಯ ಎಣಿಕೆಯನ್ನು ಹದಿನೈದು ನಿಮಿಷಕ್ಕೊಮ್ಮೆ ಬೇರೆ ಪೆನ್‌ಡ್ರೈವಿಗೆ ಬರೆದು, ತಕ್ಷಣ ಅನ್‌ಮೌಂಟ್ ಮಾಡಿಸುತ್ತೇನೆ (ಓಎಸ್‌ನಿಂದ ಬಿಡಿಸುತ್ತೇನೆ). ಅದು ಸತ್ತರೂ ಬೋರ್ಡಂತೂ ಏಳುತ್ತದೆ.

ಆಲ್ಪೈನ್ ಎಲ್ಲರಿಗೂ ಒಗ್ಗುತ್ತದೆ ಅಂತಲ್ಲ. ಅದರ ಮೂಲ ಸಿ ಲೈಬ್ರರಿ ಮಸಲ್, ಬೇರೆ ಹೆಚ್ಚಿನ ಲಿನಕ್ಸ್‌ಗಳಲ್ಲಿರುವ ಜಿಲಿಬ್‌ಸಿಗೆ ಕಟ್ಟಿದ ಪೈಥಾನ್ ಪ್ಯಾಕೇಜು ಓಡುವುದಿಲ್ಲ, ಕಂಪೈಲ್ ಮಾಡುತ್ತಾ ಕೂರಬೇಕಾಗಬಹುದು. ಆ ತಲೆನೋವು ಬೇಡ ಅನ್ನುವವರು ಪೈ ಓಎಸ್ ಲೈಟ್ ಹಾಕಿ, 'ರಾಸ್ಪಿ-ಕಾನ್ಫಿಗ್' ಅನ್ನುವ ಸೆಟ್ಟಿಂಗ್ ಉಪಕರಣದ ಒಳಗಿನ ಓವರ್‌ಲೇ ಫೈಲ್ ಸಿಸ್ಟಮ್ (ಬರೆದದ್ದೆಲ್ಲ ಕಾರ್ಡಿನ ಬದಲು ರ‍್ಯಾಮಿಗೆ ಹೋಗುವ ವ್ಯವಸ್ಥೆ) ಆನ್ ಮಾಡಿಕೊಳ್ಳಿ. ಹೆಚ್ಚುಕಡಿಮೆ ಇದೇ ಫಲ. ಬರೀ ಎಣಿಸುವುದಕ್ಕೆ ಲಿನಕ್ಸ್ ಯಾಕೆ, ಇಎಸ್‌ಪಿ32 ಅನ್ನುವ ಮೈಕ್ರೋಕಂಟ್ರೋಲರ್ ಸಾಲದಾ ಅಂದರೆ, ಸಾಕು. ಪೈ ಕಪಾಟಿನಲ್ಲಿ ಸುಮ್ನೆ ಬಿದ್ದಿತ್ತು, ಅದಕ್ಕೆ.

ಇನ್ವರ್ಟರ್ ಮಲಗಿದ ಹೊತ್ತಿನ ಮಳೆಗೆ ಈಗಲೂ ಅಪ್ಪನ ಕ್ಯಾಲೆಂಡರೇ ಗತಿ.