ಪರದೇಶದ ಬೇಸರ: ನಾನು ಲೆಕ್ಕ ಇಟ್ಟು ನೋಡಿದ್ದು

"ಅಲ್ಲಿ ಬೋರ್ ಆಗಲ್ವಾ?" ಊರಿಂದ ಫೋನ್ ಮಾಡಿದವರೆಲ್ಲ ತಪ್ಪದೆ ಕೇಳುವ ಪ್ರಶ್ನೆ ಇದು. ಮೊದಲ ಆರು ತಿಂಗಳು "ಇಲ್ಲಪ್ಪ, ಚೆನ್ನಾಗಿದೆ" ಅಂತಲೇ ಹೇಳುತ್ತಿದ್ದೆ. ಅದು ಸುಳ್ಳೇನೂ ಆಗಿರಲಿಲ್ಲ. ಎಲ್ಲವೂ ಹೊಸದು. ಬಸ್ ಟಿಕೆಟ್ ತೆಗೆದುಕೊಂಡರೂ ಏನೋ ಗೆದ್ದ ಖುಷಿ. ಬೇಸರ ಬಂದದ್ದು ಹೊಸತೆಲ್ಲ ಹಳತಾದ ಮೇಲೆ.

ಏಳನೇ ತಿಂಗಳಿನ ಒಂದು ಭಾನುವಾರ. ಸಂಜೆ ಅಡುಗೆಮನೆಯಲ್ಲಿ ನಿಂತಿದ್ದೆ. ಫ್ರಿಜ್ ಗುಂಯ್ ಅನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಅದರ ಮೋಟರ್ ನಿಂತಿತು. ಮನೆಯಲ್ಲಿ ಎಷ್ಟು ಮೌನ ಇದೆ ಅಂತ ಆಗ ಗೊತ್ತಾಯಿತು. ಅಷ್ಟರಲ್ಲಿ ತಮ್ಮನ ಫೋನ್ ಬಂತು. "ಹಲೋ" ಅಂದೆ. "ಯಾಕಕ್ಕ, ಶೀತನಾ?" ಅಂತ ಕೇಳಿದ. ಶೀತ ಆಗಿರಲಿಲ್ಲ. ಶುಕ್ರವಾರ ಸಂಜೆ ಕೆಲಸ ಮುಗಿಸಿ ಬಂದವಳು ಅಲ್ಲಿಯವರೆಗೆ ಬಾಯಿ ಬಿಟ್ಟು ಒಂದು ಮಾತೂ ಆಡಿರಲಿಲ್ಲ. ಗಂಟಲು ಕಟ್ಟಿಕೊಂಡಿತ್ತು, ಅಷ್ಟೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಇಂಥದ್ದು ಬೇರೆಯವರಿಗೂ ಆಗುತ್ತದಾ ಅಂತ ಹುಡುಕುತ್ತಾ ಹೋದೆ. ಸ್ವೆರ್ರೆ ಲಿಸ್ಗಾರ್ಡ್ ಅನ್ನುವ ನಾರ್ವೆಯ ಸಮಾಜಶಾಸ್ತ್ರಜ್ಞರು 1955ರಲ್ಲಿ ಪ್ರಕಟಿಸಿದ ಅಧ್ಯಯನ ಕಣ್ಣಿಗೆ ಬಿತ್ತು. ಫುಲ್‌ಬ್ರೈಟ್ ಅನ್ನುವ ವಿದ್ಯಾರ್ಥಿವೇತನದ ನೆರವಿನಿಂದ ಅಮೆರಿಕಕ್ಕೆ ಹೋಗಿ ಬಂದ ಇನ್ನೂರಕ್ಕೂ ಹೆಚ್ಚು ನಾರ್ವೆಯವರನ್ನು ಅವರು ಮಾತಾಡಿಸಿದ್ದರು. ಆರು ತಿಂಗಳ ಒಳಗೆ ಇದ್ದು ಬಂದವರು ಖುಷಿಯಾಗಿದ್ದರು. ಹದಿನೆಂಟು ತಿಂಗಳು ದಾಟಿದವರೂ ಹೊಂದಿಕೊಂಡಿದ್ದರು. ಜಾಸ್ತಿ ಕಷ್ಟಪಟ್ಟವರು 6ರಿಂದ 18 ತಿಂಗಳ ನಡುವಿನವರು. ಎಲ್ಲರಿಗೂ ಹೀಗೇ ಆಗುವುದಿಲ್ಲ ಅಂತ ಆಮೇಲಿನ ಸಂಶೋಧಕರು ತೋರಿಸಿದ್ದಾರೆ, ಅದು ನಿಜ. ಆದರೂ ಏಳನೇ ತಿಂಗಳಲ್ಲಿದ್ದ ನನಗೆ ಅದನ್ನು ಓದಿ ಎಷ್ಟೋ ಸಮಾಧಾನ ಆಯಿತು. ನನ್ನಲ್ಲೇ ಏನೋ ಕೆಟ್ಟಿದೆ ಅನ್ನುವ ಭಯ ಹೋಯಿತು.

ಮಾರನೇ ದಿನ ಒಂದು ನೋಟ್‌ಬುಕ್ ತೆಗೆದೆ. ದಿನಾ ರಾತ್ರಿ ಎರಡೇ ವಿಷಯ ಬರೆಯಬೇಕು. ಇವತ್ತು ಮುಖಾಮುಖಿ ಎಷ್ಟು ಜನರ ಜೊತೆ ಮಾತಾಡಿದೆ? ಬೇಸರ ಆದ ಹೊತ್ತಿನಲ್ಲಿ ಊರಿನ ಯಾವುದು ನೆನಪಾಯಿತು? ಮೂರು ವಾರ ಬಿಡದೆ ಬರೆದೆ. ಊರಿನಲ್ಲಿ ಇರುವಂಥ ಮನರಂಜನೆ ಇಲ್ಲಿಲ್ಲ, ಅದಕ್ಕೇ ಈ ಬೇಸರ ಅಂದುಕೊಂಡಿದ್ದೆ. ಬರೆದದ್ದನ್ನು ಓದಿದರೆ ಮನರಂಜನೆಯ ಸುದ್ದಿಯೇ ಇರಲಿಲ್ಲ. "ಯಾರೂ ಬಾಗಿಲು ತಟ್ಟಲಿಲ್ಲ." "ದಾರಿಯಲ್ಲಿ ಯಾರೂ ನಿಲ್ಲಿಸಿ ಮಾತಾಡಿಸಲಿಲ್ಲ." "ಯಾರಿಗೂ ನನ್ನಿಂದ ಏನೂ ಬೇಕಾಗಲಿಲ್ಲ." ಮೂರನೆಯದನ್ನು ನಾಲ್ಕು ಸಲ ಬರೆದಿದ್ದೆ.

ಊರಿನಲ್ಲಿ ಬದುಕು ಕೇಳದೆ ಕರೆಯದೆ ಮನೆಯೊಳಗೆ ಬಂದು ಕೂರುತ್ತದೆ. ಬೇಡ ಅಂದರೂ ಯಾರೋ ಬರುತ್ತಾರೆ, ಯಾವುದೋ ಕೆಲಸ ತಲೆಗೆ ಕಟ್ಟುತ್ತಾರೆ, ಯಾವುದೋ ಜಗಳಕ್ಕೆ ಎಳೆಯುತ್ತಾರೆ. ಅಲ್ಲಿದ್ದಾಗ ಅದನ್ನು ಕಿರಿಕಿರಿ ಅಂದುಕೊಂಡಿದ್ದೆ. ಪರದೇಶದಲ್ಲಿ ತಾನಾಗಿ ಏನೂ ಬರುವುದಿಲ್ಲ. ಎಲ್ಲವನ್ನೂ ನಾವೇ ಹೋಗಿ ಕರೆದುಕೊಂಡು ಬರಬೇಕು. ನನ್ನ ಬೇಸರದ ಮುಕ್ಕಾಲು ಪಾಲು ಇಷ್ಟೇ.

ಉಳಿದ ಕಾಲು ಪಾಲಿನಲ್ಲಿ ಕತ್ತಲೆಯೂ ಇತ್ತು. 60 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ ಡಿಸೆಂಬರ್ ಕೊನೆಯ ಹಗಲು ಸುಮಾರು ಆರೇ ಗಂಟೆ. ಚಳಿಗಾಲದಲ್ಲಿ ಹೀಗೆ ಮನಸ್ಸು ಕುಗ್ಗುವುದನ್ನು ನಾರ್ಮನ್ ರೋಸೆಂತಾಲ್ ಅನ್ನುವ ಮನೋವೈದ್ಯರು ಮತ್ತು ಅವರ ಜೊತೆಗಾರರು 1984ರಲ್ಲೇ ವಿವರಿಸಿದ್ದಾರೆ. ಬೆಳಿಗ್ಗೆ ಎದ್ದ ಕೂಡಲೇ 10,000 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ದೀಪದ ಮುಂದೆ ಅರ್ಧ ಗಂಟೆ ಕೂರತೊಡಗಿದೆ. ಮಧ್ಯಾಹ್ನ ಬೆಳಕಿದ್ದಾಗ ಹೊರಗೆ ನಡೆದೆ. ನನಗೆ ಅನುಕೂಲ ಆಯಿತು. ಕಣ್ಣಿನ ತೊಂದರೆಯೋ ಬೈಪೋಲಾರ್ ಕಾಯಿಲೆಯೋ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ದೀಪ ಹಚ್ಚಬೇಡಿ. ಇನ್ನೊಂದು ಮಾತು. ಎರಡು ವಾರ ಕಳೆದರೂ ನಿದ್ದೆ ಊಟ ಸರಿ ಹೋಗದಿದ್ದರೆ, ಯಾವುದರಲ್ಲೂ ಮನಸ್ಸೇ ಇಲ್ಲದಿದ್ದರೆ, ಅದನ್ನು ಬೇಸರ ಅಂತ ಸುಮ್ಮನೆ ಬಿಡಬೇಡಿ. ಡಾಕ್ಟರ್ ಹತ್ತಿರ ಹೋಗಿ.

ಜನರ ವಿಷಯದಲ್ಲಿ ಮೊದಲು ತಪ್ಪು ದಾರಿ ಹಿಡಿದೆ. ನಮ್ಮವರು ಸೇರುವ ಕೂಟಗಳಿಗೆಲ್ಲ ಹೋದೆ. ಒಂದು ಕಡೆ ನಲವತ್ತು ಜನ, ಇನ್ನೊಂದು ಕಡೆ ಎಂಬತ್ತು. ನಮ್ಮ ಭಾಷೆ ಕಿವಿಗೆ ಬಿದ್ದಾಗ ಎದೆ ಹಗುರಾಗುತ್ತಿತ್ತು. ಆದರೆ ಪ್ರತಿ ಸಲವೂ ಬೇರೆ ಮುಖ. ಪ್ರತಿ ಸಲವೂ "ನೀವು ಎಲ್ಲಿ ಕೆಲಸ, ಬಂದು ಎಷ್ಟು ದಿನ ಆಯ್ತು"ನಿಂದ ಶುರು. ಅರ್ಧ ಗಂಟೆಯಲ್ಲಿ ಮಾತು ಊರೇ ಚೆಂದ, ಇಲ್ಲಿ ಏನೂ ಇಲ್ಲ ಅನ್ನುವಲ್ಲಿಗೆ ಬಂದು ನಿಲ್ಲುತ್ತಿತ್ತು. ಮನೆಗೆ ಬಂದ ಮೇಲೆ ಬೇಸರ ಇನ್ನೂ ಜಾಸ್ತಿ. ಅಂಥ ಕೂಟ ಬೇಡ ಅಂತ ಹೇಳುತ್ತಿಲ್ಲ, ಈಗಲೂ ಹೋಗುತ್ತೇನೆ. ಆದರೆ ಆ ಒಂದನ್ನೇ ನಂಬಿ ಕೂತರೆ ಆಗುವುದಿಲ್ಲ.

ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರ ಕೈಗೆ ಒತ್ತಿ ಒತ್ತಿ ಎಣಿಸುವ ಕ್ಲಿಕ್ಕರ್ ಕೊಟ್ಟು, ದಿನಕ್ಕೆ ಎಷ್ಟು ಜನರ ಜೊತೆ ಮಾತಾಡಿದಿರಿ ಅಂತ ಎಣಿಸಲು ಹೇಳಿದ್ದರು. ಹತ್ತಿರದವರು ಬೇರೆ, ಬರೀ ಮುಖ ಪರಿಚಯದವರು ಬೇರೆ. ಮುಖ ಪರಿಚಯದವರ ಜೊತೆ ಮಾಮೂಲಿಗಿಂತ ಜಾಸ್ತಿ ಮಾತಾಡಿದ ದಿನ ಜನ ಹೆಚ್ಚು ಖುಷಿಯಾಗಿದ್ದರು. ನನ್ನ ನೋಟ್‌ಬುಕ್ ತೆರೆದು ನೋಡಿದೆ. ಹತ್ತಿರದವರು ಫೋನಿನಲ್ಲಿ ಇದ್ದೇ ಇದ್ದರು. ಮುಖ ಪರಿಚಯದವರ ಜಾಗ ಖಾಲಿ. ಭಾನುವಾರ ಸೊನ್ನೆ. ಮಂಗಳವಾರ ಎರಡು, ಅದರಲ್ಲಿ ಒಂದು ಬಸ್ ಡ್ರೈವರಿಗೆ ಹೇಳಿದ "ಥ್ಯಾಂಕ್ಸ್".

ಹಾಗಾಗಿ ಒಂದೇ ಜಾಗ, ಒಂದೇ ಹೊತ್ತು, ಅದೇ ಜನ ಇರುವ ಕೆಲಸ ಹುಡುಕಿದೆ. ಸಿಕ್ಕಿದ್ದು ಲೈಬ್ರರಿಯಲ್ಲಿ, ಹರಿದ ಪುಸ್ತಕ ರಿಪೇರಿ ಮಾಡುವ ಮೇಜು. ಗುರುವಾರ ಸಂಜೆ ಆರರಿಂದ ಎಂಟು. ಸಂಬಳ ಇಲ್ಲ, ಯಾರು ಬೇಕಾದರೂ ಬರಬಹುದು.

ಮೊದಲ ದಿನ ನನಗೆ ಕಲಿಸಿದ್ದು ಸಡಿಲವಾದ ರಟ್ಟನ್ನು ಕೂರಿಸುವ ಕೆಲಸ. ಜಾಸ್ತಿ ಓದಿದ ಪುಸ್ತಕದ ರಟ್ಟು ಬೆನ್ನಿನ ಹತ್ತಿರ ಬಿಟ್ಟುಕೊಂಡು ಜೋಲಾಡುತ್ತದೆ. ಉಲ್ಲನ್ ಹೆಣೆಯುವ ಉದ್ದದ ಕಡ್ಡಿಗೆ ಬಿಳಿ ಗೋಂದು ತೆಳ್ಳಗೆ ಸವರಬೇಕು. ಪುಸ್ತಕ ನಿಲ್ಲಿಸಿ, ಬೆನ್ನಿನ ಪಕ್ಕದ ಸಂದಿಯೊಳಗೆ ಕಡ್ಡಿಯನ್ನು ತಿರುಗಿಸುತ್ತಾ ಇಳಿಸಬೇಕು. ರಟ್ಟಿಗೂ ಹಾಳೆಗೂ ನಡುವೆ ಮೇಣದ ಕಾಗದ ಇಟ್ಟು, ಸಂದಿ ಒತ್ತಿ, ಮೇಲೆ ತೂಕ ಹೇರಿ ರಾತ್ರಿಯಿಡೀ ಬಿಡಬೇಕು. ಗೋಂದು ಒಂದು ಹನಿ ಜಾಸ್ತಿಯಾದರೂ ಹಾಳೆಗಳು ಅಂಟಿಕೊಳ್ಳುತ್ತವೆ. ಈ ಕೆಲಸಕ್ಕೆ ಭಾಷೆ ಚೆನ್ನಾಗಿ ಬರಬೇಕಿಲ್ಲ. ಹೊಸ ಭಾಷೆಯಲ್ಲಿ ಸುಮ್ನೆ ಎದುರು ಬದುರು ಕೂತು ಮಾತಾಡು ಅಂದರೆ ನನಗೆ ಗಾಬರಿ ಆಗುತ್ತಿತ್ತು. ಕೈಯಲ್ಲಿ ಕೆಲಸ ಇದ್ದರೆ ಮಾತು ಬೇಕಾದಾಗ ಬರುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ.

ಎದುರಿಗೆ ಕೂರುತ್ತಿದ್ದ ಹಿರಿಯರೊಬ್ಬರ ಜೊತೆ ಮೊದಲ ನಾಲ್ಕು ವಾರ "ಕತ್ತರಿ ಕೊಡ್ತೀರಾ" ಬಿಟ್ಟು ಬೇರೆ ಮಾತಿರಲಿಲ್ಲ. ಇದರಿಂದಲೂ ಏನೂ ಆಗುವುದಿಲ್ಲ ಅನ್ನಿಸಿತ್ತು. ಆಗ ಧೈರ್ಯ ಕೊಟ್ಟದ್ದು ಒಂದು ಲೆಕ್ಕ. ಜೆಫ್ರಿ ಹಾಲ್ ಅನ್ನುವ ಸಂಶೋಧಕರು 2018ರಲ್ಲಿ ಹೇಳಿದ ಪ್ರಕಾರ, ಪರಿಚಯ ಸಾಮಾನ್ಯ ಸ್ನೇಹ ಆಗಲು ಸುಮಾರು 50 ಗಂಟೆ ಜೊತೆಗೆ ಕಳೆಯಬೇಕು. ಆಪ್ತ ಸ್ನೇಹಕ್ಕೆ 200 ಗಂಟೆಗೂ ಹೆಚ್ಚು. ಸ್ಕೂಲಿನಲ್ಲಿ ದಿನಕ್ಕೆ ಆರು ಗಂಟೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. 200 ಗಂಟೆ ಒಂದೂವರೆ ತಿಂಗಳಲ್ಲಿ ಮುಗಿದಿರುತ್ತದೆ, ಯಾರೂ ಎಣಿಸಿರುವುದಿಲ್ಲ. ಇಲ್ಲಿ ವಾರಕ್ಕೆ ಎರಡು ಗಂಟೆ. 50 ಗಂಟೆಗೇ ಇಪ್ಪತ್ತೈದು ಗುರುವಾರ ಬೇಕು. ಇಲ್ಲಿನವರು ಒಣ ಜನ ಅಂತ ನಾನು ದೂರುತ್ತಿದ್ದದ್ದು ತಪ್ಪು. ನಾಲ್ಕು ವಾರ ಅಂದರೆ ಬರೀ ಎಂಟು ಗಂಟೆ ಆಗಿತ್ತು, ಅಲ್ವಾ? ಕ್ಯಾಲೆಂಡರಿನಲ್ಲಿ ಇಪ್ಪತ್ತೈದು ಗುರುವಾರಕ್ಕೆ ಸುತ್ತು ಹಾಕಿದೆ. ಅಷ್ಟು ಮುಗಿಯುವವರೆಗೆ ತೀರ್ಪು ಕೊಡುವುದು ಬೇಡ ಅಂದುಕೊಂಡೆ.

ಊರಿನ ಫೋನ್ ಕರೆಗಳನ್ನೂ ಬದಲಾಯಿಸಿದೆ. "ಏನು ವಿಶೇಷ?" ಅಂತ ಅಮ್ಮ ಕೇಳುತ್ತಿದ್ದರು. "ಏನಿಲ್ಲಮ್ಮ" ಅನ್ನುತ್ತಿದ್ದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಈಗ ಭಾನುವಾರ ಫೋನನ್ನು ಮೇಜಿನ ಮೇಲೆ ನಿಲ್ಲಿಸಿ ನಾನು ಬಟ್ಟೆ ಮಡಚುತ್ತೇನೆ, ಅಮ್ಮ ಅವರ ಪಾಡಿಗೆ ಕೆಲಸ ಮಾಡಿಕೊಳ್ಳುತ್ತಾರೆ. ಹತ್ತು ನಿಮಿಷ ಯಾರೂ ಮಾತಾಡದೆ ಹೋಗುವುದೂ ಉಂಟು. ಅಲ್ಲಿ ಪಾತ್ರೆ ಸದ್ದು ಕೇಳುತ್ತದೆ, ಯಾರೋ ಬಂದು ಏನೋ ಕೇಳಿ ಹೋಗುತ್ತಾರೆ. ವಿಶೇಷ ಏನೂ ಇಲ್ಲದ ಒಂದು ಗಂಟೆ. ನನಗೆ ಬೇಕಾಗಿದ್ದದ್ದು ಅದೇ.

ಹದಿನಾಲ್ಕನೇ ತಿಂಗಳಲ್ಲಿ ಊರಿಗೆ ಹೋದೆ. 1688ರಲ್ಲಿ ಬಾಸೆಲ್ ನಗರದಲ್ಲಿ ಯೊಹಾನೆಸ್ ಹೋಫರ್ ಅನ್ನುವ ವೈದ್ಯ ವಿದ್ಯಾರ್ಥಿ ಊರಿನ ನೆನಪಿನಿಂದ ಕೊರಗುವುದಕ್ಕೆ ನಾಸ್ಟಾಲ್ಜಿಯಾ ಅಂತ ಹೆಸರಿಟ್ಟ. ಆಗ ಅದು ಕಾಯಿಲೆಯ ಹೆಸರು. ಮನೆಗೆ ಕಳಿಸುವುದೇ ಅದಕ್ಕೆ ಮದ್ದು. ನಾನೂ ಆ ಮದ್ದು ಮಾಡಿ ನೋಡಿದೆ. ಮೊದಲ ವಾರ ಕಾಲು ನೆಲದ ಮೇಲಿರಲಿಲ್ಲ. ಎರಡನೇ ವಾರದ ಮಂಗಳವಾರ ಎಲ್ಲರೂ ಅವರವರ ಕೆಲಸಕ್ಕೆ ಹೋದರು. ಸ್ನೇಹಿತೆಗೆ ಫೋನ್ ಮಾಡಿದರೆ "ಶನಿವಾರ ಸಿಗೋಣ ಕಣೇ" ಅಂದಳು. ಮಧ್ಯಾಹ್ನ ಮೂರು ಗಂಟೆಗೆ ಕಿಟಕಿ ಹತ್ತಿರ ಕೂತಿದ್ದೆ. ಬೋರ್ ಆಗುತ್ತಿತ್ತು.

ಆ ಮಂಗಳವಾರ ಕಲಿತದ್ದು ನನಗೆ ತುಂಬಾ ದೊಡ್ಡದು. ಅಷ್ಟು ದಿನ ನಾನು ಪರದೇಶದ ಮಾಮೂಲಿ ದಿನವನ್ನು ಊರಿನ ರಜೆಯ ದಿನದ ಪಕ್ಕ ಇಟ್ಟು ತೂಗುತ್ತಿದ್ದೆ. ನೆನಪು ಕೂಡ ಒಳ್ಳೆಯದನ್ನೇ ಆರಿಸಿ ಇಟ್ಟುಕೊಂಡಿತ್ತು. ಟೆರೆನ್ಸ್ ಮಿಚೆಲ್, ಲೀ ಥಾಂಪ್ಸನ್ ಅನ್ನುವ ಸಂಶೋಧಕರು ಮತ್ತು ಅವರ ಜೊತೆಗಾರರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ವಾರದ ಸೈಕಲ್ ಪ್ರವಾಸ ಹೋದವರನ್ನು ಕೇಳಿ ನೋಡಿದ್ದರು. ಸವಾರಿ ಮಾಡುವಾಗ ಇದ್ದದ್ದಕ್ಕಿಂತ ಆಮೇಲೆ ನೆನಪಿನಲ್ಲಿ ಆ ಪ್ರವಾಸ ಚೆಂದವಾಗಿತ್ತು. ಈಗ ಮಂಗಳವಾರದ ಪಕ್ಕ ಮಂಗಳವಾರವನ್ನೇ ಇಟ್ಟು ನೋಡುತ್ತೇನೆ. ಹಾಗೆ ನೋಡಿದರೂ ಊರಿನ ತೂಕ ಸ್ವಲ್ಪ ಜಾಸ್ತಿಯೇ. ಸ್ವಲ್ಪವೇ.

ಒಂದು ಬೇಸರಕ್ಕೆ ಮಾತ್ರ ನನಗೆ ಮದ್ದು ಸಿಕ್ಕಿಲ್ಲ. ನಗುವಿನದು. ಮೇಜಿನ ಸುತ್ತ ಎಲ್ಲರೂ ನಕ್ಕಾಗ ನಾನು ಅರ್ಥ ಮಾಡಿಕೊಂಡು ನಗುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ನನಗೇ ಹೊಳೆದ ತಮಾಷೆಯನ್ನು ಅವರ ಭಾಷೆಗೆ ತರುವಷ್ಟರಲ್ಲಿ ಅದು ಸಪ್ಪೆ. ನಮ್ಮ ಭಾಷೆಯಲ್ಲಿ ಯೋಚಿಸದೆ ಬಾಯಿಗೆ ಬರುವ ಆ ಒಂದು ಮಾತು, ಅದಕ್ಕೆ ಎದುರಿನವರು ಕೊಡುವ ಏಟಿಗೆ ಏಟು, ಅದು ಇಲ್ಲಿ ಇಲ್ಲ. ಮೂರನೇ ವರ್ಷದಲ್ಲೂ ಇಲ್ಲ.

ಇಪ್ಪತ್ತೈದು ಗುರುವಾರ ಮುಗಿದು ಬಹಳ ದಿನ ಆಯಿತು. ಆ ಹಿರಿಯರಿಗೆ ಈಗ ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ನಾನು ಮೇಜಿಗೆ ಬರುವವರೆಗೆ ಹೊಲಿಯಬೇಕಾದ ಪುಸ್ತಕಗಳನ್ನು ಒಂದು ಕಡೆ ಎತ್ತಿಟ್ಟು ಕಾಯುತ್ತಿರುತ್ತಾರೆ. ಹೋದ ಗುರುವಾರ ಹತ್ತು ನಿಮಿಷ ತಡವಾಗಿತ್ತು. ಕೋಟು ತೆಗೆಯುವ ಮೊದಲೇ ಸೂಜಿ ನನ್ನ ಕೈಗೆ ಕೊಟ್ಟರು.